ತಲೆಕೆಳಗಾದ ಮುದ್ರೆ

ತೊಮೆಯ ಹೆಸರನ್ನು ಕಿಸಾ ಮೊದಲು ಕೇಳಿದ್ದು ಸೇಬು ತುಂಬುವ ಕೊಟ್ಟಿಗೆಯಲ್ಲಿ. ಅಮೆರಿಕದ ಜೊತೆ ಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಹಳ್ಳಿಯ ಹೆಂಗಸರೆಲ್ಲ ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು, ಮರದ ಪೆಟ್ಟಿಗೆಗೆ ಭತ್ತದ ಹೊಟ್ಟು ಸುರಿದು, ಅದರೊಳಗೆ ಒಂದೊಂದೇ ಸೇಬನ್ನು ಮೊಟ್ಟೆ ಇಟ್ಟ ಹಾಗೆ ಇಡುತ್ತಿದ್ದರು. ಕಿಸಾಳಿಗೆ ಹತ್ತೊಂಬತ್ತು ವರ್ಷ. ಅಓಮೊರಿ ಪಟ್ಟಣದಲ್ಲಿ ಗಂಡು ಗೊತ್ತಾಗಿ ನಾಲ್ಕು ದಿನವಾಗಿತ್ತು.

"ಬಂದರಿನ ಹಿಂದುಗಡೆ, ಪೀಪಾಯಿಯವರ ಓಣಿಗಾ ಕೊಡ್ತಿರೋದು?" ಎಂದಳು ಚಿಕ್ಕಮ್ಮ. ಆಕೆ ಪಟ್ಟಣಕ್ಕೆ ಸೇಬು ಹೊತ್ತು ಮಾರಿ ಅಲ್ಲಿನ ಬಾಗಿಲು ಬಾಗಿಲು ಬಲ್ಲವಳು. "ಹಾಗಾದ್ರೆ ನೀನು ಗಂಡನಿಗೂ ಹೆದರಬೇಡ, ಅತ್ತೆಗೂ ಹೆದರಬೇಡ ಕಣೇ. ಅಲ್ಲಿ ತೊಮೆ ಅಂತ ಒಬ್ಬಳಿದ್ದಾಳೆ, ತೋಫು ಮಾಡ್ತಾಳೆ. ಅವಳಿಗೆ ಹೆದರು. ಅವಳ ಮುದ್ರೆ ಬೀಳದೆ ಆ ಓಣೀಲಿ ಬೆಕ್ಕೂ ಮರಿ ಹಾಕಲ್ಲ."

ಹೆಂಗಸರೆಲ್ಲ ಹೊಟ್ಟು ಹಾರುವ ಹಾಗೆ ನಕ್ಕರು. ಕಿಸಾಳೂ ನಕ್ಕಳು. ಆ ನಗು ಜ್ಞಾಪಕಕ್ಕೆ ಬಂದರೆ ಅವಳ ಕೆನ್ನೆ ಇಂದಿಗೂ ಸುಡುತ್ತದೆ.

ಮದುವೆಯಾಗಿ ಬಂದಾಗ ನೋಡಿದರೆ ಚಿಕ್ಕಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತೊಮೆಯ ಮನೆಗೂ ಕಿಸಾಳ ಗಂಡನ ಮನೆಗೂ ನಡುವೆ ಒಂದೇ ಗೋಡೆ, ಎರಡಕ್ಕೂ ಒಂದೇ ಬಾವಿ. ತೊಮೆಗೆ ಆಗ ನಲವತ್ತೆಂಟು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಿಡ್ಡ ಆಳು, ಗಟ್ಟಿ ಮೈ. ಕೋಳಿ ಕೂಗುವ ಮೊದಲೇ ಎದ್ದು ಸೋಯಾ ಕಾಳು ರುಬ್ಬುವಳು. ಸದಾ ತಣ್ಣೀರಲ್ಲಿ ಮುಳುಗಿ ಮುಳುಗಿ ಅವಳ ಕೈಗಳು ಅವಳ ತೋಫುವಿನಷ್ಟೇ ಬೆಳ್ಳಗೆ, ಮೆತ್ತಗೆ ಇದ್ದವು. ಮುಖ ಮಾತ್ರ ಒರಟು. ನೋಡಿದವರಿಗೆ ಆ ಕೈ ಇನ್ಯಾರದೋ ಎಂದು ಅನ್ನಿಸಬೇಕು.

ಸರ್ಕಾರ ಪ್ರತಿ ಓಣಿಯಲ್ಲೂ ಹತ್ತು ಹತ್ತು ಮನೆಗಳನ್ನು ಒಂದು ಗುಂಪು ಮಾಡಿಸಿತ್ತು. ಈ ಹತ್ತು ಮನೆಗೆ ತೊಮೆಯೇ ಯಜಮಾನಿ. ಮೇಲಿನಿಂದ ಏನು ಅಪ್ಪಣೆ ಬಂದರೂ ಒಂದು ಮರದ ಹಲಗೆಗೆ ಕಾಗದ ಕಟ್ಟಿ ಅವಳ ಮನೆಗೆ ಕಳಿಸುವರು. ಅವಳು ಓದಿ ತನ್ನ ಮುದ್ರೆ ಒತ್ತಿದ ಮೇಲೆ ಹಲಗೆ ಪಕ್ಕದ ಮನೆಗೆ, ಅಲ್ಲಿಂದ ಅದರಾಚೆ ಮನೆಗೆ ಹೋಗಬೇಕು. ಮನೆಮನೆಯವರೂ ಓದಿದ ಗುರುತಿಗೆ ತಮ್ಮ ಮುದ್ರೆ ಒತ್ತಬೇಕು. ಯಜಮಾನಿಯ ಮುದ್ರೆ ಇಲ್ಲದ ಹಲಗೆ ಬರೀ ಹಲಗೆ. ಮುದ್ರೆ ಬಿತ್ತೆಂದರೆ ಚಕ್ರವರ್ತಿಯೇ ಬಾಗಿಲಿಗೆ ಬಂದು ಕೆಮ್ಮಿದ ಹಾಗೆ.

ಆ ಮುದ್ರೆ ಕಿರುಬೆರಳಿಗಿಂತ ಸಣ್ಣದು. ಮಿಕಾಮಿ ಎಂಬ ಮನೆತನದ ಹೆಸರನ್ನು ಕೊರೆದದ್ದು. ಅದರಲ್ಲಿ ಎರಡೇ ಅಕ್ಷರ, ಒಂದು ಮೂರು ಗೆರೆಯದು, ಇನ್ನೊಂದು 'ಮೇಲೆ' ಎಂಬ ಅರ್ಥದ್ದು. ತೊಮೆ ಅದನ್ನು ಹಳೆ ಟೀ ಡಬ್ಬಿಯಲ್ಲಿ, ದೇವರ ಹಲಗೆಯ ಮೇಲೆ ಇಟ್ಟಿರುತ್ತಿದ್ದಳು. ಒತ್ತುವ ಮೊದಲು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ತಲೆ ಯಾವುದು ಬುಡ ಯಾವುದು ನೋಡಿಕೊಂಡು, ಬಾಯಿಂದ ಹಾ ಎಂದು ಉಸಿರೂದಿ, ಕೆಂಪು ಮಸಿಗೆ ತಾಗಿಸಿ, ನೆಟ್ಟಗೆ ಒತ್ತುವಳು. ವಾರೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಯುದ್ಧ ಏರುತ್ತಾ ಹೋದ ಹಾಗೆ ಓಣಿಯಲ್ಲಿ ಬೆಂಕಿ ಆರಿಸುವ ತಾಲೀಮು ಹೆಚ್ಚಿತು. ಓಣಿಯ ಬಾಯಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ ನೀರು ತುಂಬಿಸಿದ್ದರು. ಬಕೆಟ್ಟು ಮಾಡಿಕೊಟ್ಟವನು ಎದುರುಮನೆಯ ಪೀಪಾಯಿ ಮಾಡುವ ಸದಾಕಿಚಿ. ಸೀಡರ್ ಮರದ ಬಕೆಟ್ಟುಗಳು, ಒಂದು ಹನಿಯೂ ಸೋರುತ್ತಿರಲಿಲ್ಲ. ತೊಮೆ ಮರದ ತಾಳ ಬಡಿದರೆ ಸಾಕು, ಹೆಂಗಸರೆಲ್ಲ ಓಡಿ ಬಂದು ಸಾಲುಗಟ್ಟಿ, ಕೈಯಿಂದ ಕೈಗೆ ಬಕೆಟ್ಟು ದಾಟಿಸಬೇಕು. ಸದಾಕಿಚಿಯ ಹೆಂಡತಿ ರಿನ್ ಯಾವಾಗಲೂ ತೊಟ್ಟಿಯ ಪಕ್ಕ ಮೊದಲನೆಯವಳು. ಅವಳಷ್ಟು ಬೇಗ ನೀರು ತುಂಬಿ ಎತ್ತುವವರು ಇರಲಿಲ್ಲ.

ಒಂದು ದಿನ ತಾಲೀಮಿನ ನಡುವೆ ಕಿಸಾಳ ಮಗಳು ಮಿಯೊ ಮನೆಯೊಳಗೆ ಕಿರುಚಿಕೊಂಡಳು. ಇನ್ನೂ ಅಂಬೆಗಾಲಿಡುವ ಕೂಸು. ಕಿಸಾ ಬಕೆಟ್ಟು ಅಲ್ಲೇ ಬಿಟ್ಟು ಓಡಿದಳು. ಮಗುವಿಗೆ ಏನೂ ಆಗಿರಲಿಲ್ಲ, ಬೆಕ್ಕು ಕಂಡು ಅತ್ತಿತ್ತು. ಎತ್ತಿಕೊಂಡು ಹೊರಗೆ ಬಂದರೆ ತೊಮೆ ತಾಳ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಬಾಂಬು ಬಿದ್ದ ದಿನಾನೂ ಹೀಗೇ ಓಡ್ತೀಯೇನಮ್ಮ?"

"ಮಗು ಅಳ್ತಿತ್ತು, ತೊಮೆ-ಸಾನ್..."

"ಬಾಂಬು ಬಿದ್ದಾಗ ನಗುತ್ತಾ? ನೋಡಿ ಎಲ್ಲಾರೂ, ಸೇಬಿನ ಹಳ್ಳಿಯೋರು ಸೇಬಿನ ಹಾಗೇ, ಮರ ಅಲ್ಲಾಡಿದ್ರೆ ಸಾಕು ಉದುರಿ ಉರುಳ್ತಾರೆ. ಜಾಗ ಬಿಟ್ಟು ಓಡೋರು ಈ ದೇಶದೋರೇ ಅಲ್ಲ ತಿಳ್ಕೊ."

ಸಾಲಿನಲ್ಲಿದ್ದವರು ನಕ್ಕರು. ರಿನ್ ಕೂಡ ನಕ್ಕಳು, ಆದರೆ ಆಮೇಲೆ ಬಾವಿಯ ಹತ್ತಿರ ಸಿಕ್ಕಿ, "ಮನಸ್ಸಿಗೆ ಹಚ್ಕೋಬೇಡ ಕಣೇ, ಆ ಹೆಂಗಸು ತನ್ನ ನೆರಳಿಗೂ ತಾಲೀಮು ಮಾಡಿಸ್ತಾಳೆ," ಎಂದಳು. ಕಿಸಾ ಹಚ್ಚಿಕೊಂಡಳು. ಗಂಡ ಶೋಜಿ ಆಗಲೇ ದಕ್ಷಿಣ ಸಮುದ್ರದ ಯಾವುದೋ ದ್ವೀಪಕ್ಕೆ ಹೋಗಿದ್ದ. ದೇಶದವಳೇ ಅಲ್ಲ ಎಂದರೆ ಅವನ ಹೆಂಡತಿಯೂ ಅಲ್ಲ ಎಂದ ಹಾಗೆ ಕೇಳಿಸಿತ್ತು ಅವಳಿಗೆ. ಇನ್ನೊಂದು ಸಲ ನನ್ನನ್ನು ಯಾರೂ ಹಾಗೆ ಅನ್ನಬಾರದು ಎಂದು ಹಲ್ಲು ಕಚ್ಚಿ ಇಟ್ಟುಕೊಂಡಳು.

ಯುದ್ಧದ ಕೊನೆಯ ಬೇಸಿಗೆಯಲ್ಲಿ, ಜುಲೈ ಹದಿನಾಲ್ಕರಂದು, ಹಗಲು ಹೊತ್ತಿನಲ್ಲೇ ವಿಮಾನಗಳು ಬಂದು ಜಲಸಂಧಿ ದಾಟಿಸುವ ಹಡಗುಗಳನ್ನು ಮುಳುಗಿಸಿದವು. ಸಂಜೆ ತೊಮೆ ಬಂದರಿಗೆ ಹೋಗಿ ಹೆಣ ಎತ್ತುವುದಕ್ಕೆ ಕೈ ಹಾಕಿದ್ದಳಂತೆ. ಮನೆಗೆ ಬಂದವಳು ತಾಳವನ್ನು ಒಲೆಗೆ ಹಾಕಿದಳು. ಗೋಡೆಯ ಈಚೆಗಿದ್ದ ಕಿಸಾಳಿಗೆ ಅದು ಚಟಚಟ ಉರಿಯುವ ಶಬ್ದ ಕೇಳಿಸಿತು, ಆದರೆ ಏನು ಉರಿಯುತ್ತಿದೆ ಎಂದು ಆಗ ತಿಳಿಯಲಿಲ್ಲ.

ಮರುದಿನದಿಂದ ಜನ ಊರು ಬಿಡತೊಡಗಿದರು. ಮೂಟೆ, ಹಾಸಿಗೆ, ಅಜ್ಜಿಯರು ಎಲ್ಲ ಕೈಗಾಡಿಯ ಮೇಲೆ. ಓಣಿಯ ಹತ್ತು ಮನೆಯಲ್ಲಿ ಏಳು ಖಾಲಿಯಾದವು. ಕಿಸಾಳ ಅತ್ತೆ ಹಾತ್ಸು ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಿಸಾಳ ತವರಿಗೇ ಹೋದಳು. ರಿನ್ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅದೇ ಕಡೆಯ ಇನ್ನೊಂದು ಹಳ್ಳಿಗೆ ಹೋದಳು. ಮಿಕ್ಕವರೂ ಆ ಗುಡ್ಡದ ಸಾಲಿನಲ್ಲೇ ಅಲ್ಲಲ್ಲಿ ಸೇರಿಕೊಂಡರು. ಸದಾಕಿಚಿಗೆ ರೈಲ್ವೆ ಅಂಗಳದ ಕಾವಲು, ಬಿಟ್ಟು ಹೋಗುವ ಹಾಗಿರಲಿಲ್ಲ. ತೊಮೆ ಯಾರನ್ನೂ ತಡೆಯಲಿಲ್ಲ. ಓಡುವವರು ದೇಶದವರೇ ಅಲ್ಲ ಎಂದ ಬಾಯಿ ಸುಮ್ಮನಿತ್ತು. ಕಿಸಾಳಿಗೆ ಅದು ಆಶ್ಚರ್ಯ, ಆಶ್ಚರ್ಯಕ್ಕಿಂತ ಹೆಚ್ಚಾಗಿ ಸಿಟ್ಟು. ನನ್ನನ್ನು ಮಾತ್ರ ಹತ್ತು ಜನರ ಮುಂದೆ ನಿಲ್ಲಿಸಿದಳಲ್ಲ ಎಂದು. ಆ ಸಿಟ್ಟಿಗೇ ಅವಳು ಊರು ಬಿಡದೆ ಉಳಿದಳು.

ಒಂದು ವಾರದಲ್ಲಿ ಹಲಗೆ ಬಂತು. ಊರು ಬಿಟ್ಟವರೆಲ್ಲ ಇಪ್ಪತ್ತೆಂಟನೇ ತಾರೀಖಿನ ಒಳಗೆ ವಾಪಸು ಬರಬೇಕು, ಬಾರದವರ ಹೆಸರು ಪಡಿತರದ ಪಟ್ಟಿಯಿಂದ ಹೊಡೆದು ಹಾಕುತ್ತೇವೆ, ಅಕ್ಕಿಯೂ ಇಲ್ಲ, ಸಾರಿಗೆ ಮಿಸೊ ಕೂಡ ಇಲ್ಲ ಎಂದು ಬರೆದಿತ್ತು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಹಲಗೆ ತೊಮೆಯ ಮನೆ ಬಿಟ್ಟು ಕದಲಲಿಲ್ಲ. ಮೂರನೇ ದಿನ ಕಿಸಾ ಬಾವಿಕಟ್ಟೆಯಲ್ಲಿ ಕೇಳಿದಳು.

"ಹಲಗೆ ಬಂದಿದೆಯಂತಲ್ಲ, ತೊಮೆ-ಸಾನ್?"

"ಬಂದಿದೆ."

"ಮತ್ತೆ ಕಳಿಸಲಿಲ್ಲ?"

"ಮುದ್ರೆ ಕಾಣ್ತಿಲ್ಲ ಕಣಮ್ಮ. ಹುಡುಕ್ತಾ ಇದ್ದೀನಿ."

ತೊಮೆ ತನ್ನ ಮೂಗು ಕಳೆದುಕೊಂಡರೂ ಮುದ್ರೆ ಕಳೆದುಕೊಳ್ಳುವವಳಲ್ಲ. ಇವಳು ಹೆದರಿದ್ದಾಳೆ ಎಂದುಕೊಂಡಳು ಕಿಸಾ. ನಮಗೆಲ್ಲ ಧೈರ್ಯ ಹೇಳಿಕೊಟ್ಟವಳಿಗೆ ಈಗ ಕಾಲು ನಡುಗುತ್ತಿದೆ, ಇವಳ ದೆಸೆಯಿಂದ ಇಡೀ ಓಣಿಯ ಹೆಸರು ಪಟ್ಟಿಯಿಂದ ಹೋಗುತ್ತದೆ, ನನ್ನ ಮಗುವಿನ ಗಂಜಿಗೂ ಕಲ್ಲು ಬೀಳುತ್ತದೆ. ತವರಿನ ಅತ್ತಿಗೆ ಆಗಲೇ, "ನಿಮ್ಮ ಅತ್ತೆ ತಿನ್ನೋದು ನೋಡಿದ್ರೆ ಯುದ್ಧ ಅನ್ನೋದೇ ಮರೆತುಹೋಗುತ್ತೆ," ಎಂದು ಹೇಳಿ ಕಳಿಸಿದ್ದಳು.

ಇಪ್ಪತ್ತಾರನೇ ತಾರೀಖು ಬೆಳಿಗ್ಗೆ ತೊಮೆ ಸೋಯಾ ಹಿಂಡಿ ಹಂಚುವ ಸಾಲಿಗೆ ನಿಲ್ಲಲು ಹೋದಾಗ ಕಿಸಾ ಅವಳ ಮನೆಯೊಳಗೆ ಹೋದಳು. ತೋಫು ಸೋಸುವ ಬಟ್ಟೆಯ ಕೆಳಗೆ ಹಲಗೆ ಸಿಕ್ಕಿತು. ಟೀ ಡಬ್ಬಿಯಲ್ಲಿ ಮುದ್ರೆ ಇತ್ತು. ಹಾ ಎಂದು ಉಸಿರೂದುವುದು ನೆನಪಿತ್ತು, ಊದಿದಳು. ತಲೆ ಬುಡ ನೋಡುವುದು ನೆನಪಿರಲಿಲ್ಲ. ಹೊರಗೆ ಯಾರದೋ ಮರದ ಚಪ್ಪಲಿ ಸದ್ದಾಯಿತು. ಒತ್ತಿದಳು, ಮುದ್ರೆಯನ್ನು ಡಬ್ಬಿಗೆ ಹಾಕಿದಳು, ಹಲಗೆಯನ್ನು ನಡುಕಟ್ಟಿನೊಳಗೆ ಸಿಕ್ಕಿಸಿಕೊಂಡು ಹೊರಟಳು.

ಆ ದಿನ ಅವಳು ಗುಡ್ಡ ಹತ್ತಿ ಇಳಿದು ನಾಲ್ಕು ಹಳ್ಳಿ ತಿರುಗಿದಳು. ನಿಜ ಹೇಳಬೇಕೆಂದರೆ ಅಷ್ಟು ಹೆಮ್ಮೆಯ ದಿನ ಅವಳ ಬದುಕಿನಲ್ಲಿ ಇನ್ನೊಂದು ಬಂದಿರಲಿಲ್ಲ. ಎಲ್ಲರೂ ಹಲಗೆ ಇಸಿದುಕೊಂಡು ಕೆಂಪು ಗುರುತನ್ನು ನೋಡಿ ತಲೆಬಾಗುತ್ತಿದ್ದರು. ರಿನ್ ಮಾತ್ರ ಕೇಳಿದಳು.

"ಇದನ್ನ ತೊಮೆ-ಸಾನೇ ಕಳಿಸಿದ್ರಾ? ಹೊರಡುವಾಗ ಏನೂ ಅಂದಿರಲಿಲ್ಲ."

"ಅವರೇ. ನಾಳೆ ಸಂಜೆಯೊಳಗೆ ಎಲ್ಲಾರೂ ಬರಬೇಕಂತೆ. ಬರದೇ ಇರೋರು ದೇಶದೋರೇ ಅಲ್ವಂತೆ."

"ಹಾಗಂದ್ರೆ ಅವರೇ ಬಿಡು," ಎಂದು ರಿನ್ ನಕ್ಕಳು. "ನಡೀರೇ ಹುಡುಗೀರಾ, ಅಪ್ಪ ಒಬ್ಬನೇ ಗಂಜಿ ಸೀಯಿಸ್ಕೊಂಡು ತಿಂತಿದ್ದಾನೆ."

ಇಪ್ಪತ್ತೇಳರ ಸಂಜೆಗೆ ಹತ್ತೊಂಬತ್ತು ಜನ ಓಣಿಗೆ ವಾಪಸಾದರು. ಹಲಗೆ ಎಲ್ಲ ಮುದ್ರೆ ತುಂಬಿಸಿಕೊಂಡು ಕೊನೆಗೆ ಸದಾಕಿಚಿಯ ಕೈ ಸೇರಿತು. ಅವನು ತನ್ನದನ್ನೂ ಒತ್ತಿ, ತೊಮೆಗೆ ನಾಳೆ ಕೊಟ್ಟರಾಯಿತೆಂದು ಊಟದ ಚೀಲಕ್ಕೆ ಹಾಕಿಕೊಂಡ.

ಅದೇ ರಾತ್ರಿ ಆಕಾಶದಿಂದ ಕಾಗದಗಳು ಬಿದ್ದವು. ನಿಮ್ಮ ಊರನ್ನು ಸುಡುತ್ತೇವೆ, ಹೊರಟುಹೋಗಿ ಎಂದು ಅಮೆರಿಕದವರು ಈ ದೇಶದ ಅಕ್ಷರದಲ್ಲೇ ಬರೆದಿದ್ದರು. ಓದದೆ ಪೊಲೀಸರಿಗೆ ಒಪ್ಪಿಸಬೇಕೆಂದು ಕಟ್ಟಪ್ಪಣೆ. ತೊಮೆ ಓದಿದಳು. ಬೆಳಗಾಗುತ್ತಲೇ ಮನೆಮನೆ ಬಾಗಿಲಿಗೆ ಹೋಗಿ, "ವಾಪಸು ಹೋಗ್ರಮ್ಮ, ಇವತ್ತೇ ಹೋಗಿ," ಎಂದು ಬೇಡಿಕೊಂಡಳು. ಕಿಸಾ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಎದುರುಮನೆಯ ರಿನ್ ಧ್ವನಿ ಸ್ಪಷ್ಟವಾಗಿ ಬಂತು.

"ಮೊನ್ನೆ ಮುದ್ರೆ ಒತ್ತಿ ಕರೆಸಿದ್ರಿ, ಇವತ್ತು ಬಾಯಲ್ಲಿ ಹೋಗಿ ಅಂತೀರಿ. ನಾವು ಮುದ್ರೆ ನಂಬಬೇಕೋ ಬಾಯಿ ನಂಬಬೇಕೋ? ತಾಲೀಮಾ ಇದೂನೂ?"

ತೊಮೆ, ಆ ಮುದ್ರೆ ನಾನು ಒತ್ತಿದ್ದಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಹೇಳಿದ್ದರೆ ಯಜಮಾನಿಯ ಮುದ್ರೆ ಕದ್ದವಳನ್ನು ಪೊಲೀಸರು ಅದೇ ದಿನ ಎಳೆದುಕೊಂಡು ಹೋಗುತ್ತಿದ್ದರು. ಬಾವಿಯ ಹತ್ತಿರ ಇಬ್ಬರೂ ಎದುರಾದಾಗ ಕಿಸಾ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

"ನಿನ್ನ ಮಗು ಎಲ್ಲಿ?" ಎಂದಳು ತೊಮೆ.

"ಹಳ್ಳೀಲೇ ಇದೆ. ಇವತ್ತು ಹೋಗಿ ಅತ್ತೆನೂ ಮಗೂನೂ ಕರ್ಕೊಂಡು ಬರ್ತೀನಿ."

"ನಿಧಾನ ಮಾಡು," ಎಂದಳು ತೊಮೆ. ಅಷ್ಟೇ ಅಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಕಿಸಾ ತವರಿಗೆ ಹೋದರೆ ಅತ್ತೆ ಹಾತ್ಸು ಒಲೆಯ ಮೇಲೆ ಅವರೆಕಾಳು ಬೇಯಲು ಇಟ್ಟು ಕೂತಿದ್ದಳು. "ಇಪ್ಪತ್ತೆಂಟು ಅಂದ್ರೆ ಇವತ್ತು ಮುಗಿಯೋವರೆಗೂ ಇಪ್ಪತ್ತೆಂಟೇ ಅಲ್ವೇನೇ? ಕಾಳು ಬೇಯ್ಲಿ. ಅರ್ಧ ಬೆಂದಿದ್ದನ್ನ ಬಿಟ್ಟು ಹೋಗೋಕೆ ನನಗೇನು ಹುಚ್ಚೇ?" ಕಾಳು ಬೇಯಲಿಲ್ಲ. ಹೊತ್ತು ಮುಳುಗಿತು. ಮಗು ನಿದ್ದೆ ಹೋಯಿತು.

ಸೇಬಿನ ತೋಟದ ದಿಬ್ಬದ ಮೇಲೆ ನಿಂತು ಅವರು ಅಓಮೊರಿ ಉರಿಯುವುದನ್ನು ನೋಡಿದರು. ಅಷ್ಟು ದೂರದ ಉರಿಗೂ ಕಿಸಾಳ ಕೈಯಲ್ಲಿದ್ದ ಸೇಬಿನ ಕಾಯಿ ಕೆಂಪಗೆ ಕಾಣುತ್ತಿತ್ತು, ಇನ್ನೂ ಹಸಿರಾಗಿದ್ದ ಕಾಯಿ. ಹಾತ್ಸು, "ಕಾಳು ಬೇಯದೇ ಇದ್ದದ್ದೇ ಒಳ್ಳೇದಾಯ್ತು," ಎಂದು ಮಗುವಿನ ತಲೆ ನೇವರಿಸಿದಳು. ಕಿಸಾಳಿಗೆ ಮೊದಲು ಬಂದದ್ದು ಸಮಾಧಾನ. ನನ್ನವರು ಇಲ್ಲಿದ್ದಾರೆ ಎಂಬ ಸಮಾಧಾನ. ಉಳಿದವರ ನೆನಪು ಬಂದದ್ದು ಅದಾದ ಮೇಲೆ. ಆ ಹಿಂದುಮುಂದನ್ನು ಅವಳು ಮರೆತಿಲ್ಲ, ಕ್ಷಮಿಸಿಕೊಂಡೂ ಇಲ್ಲ.

ಬೆಳಿಗ್ಗೆ ಓಣಿ ಇರಲಿಲ್ಲ. ಎಲ್ಲಿ ತಿರುಗಬೇಕು ಎಂದು ಗೊತ್ತಾಗದೆ ಅವಳು ಎರಡು ಸಲ ಮುಂದೆ ಹೋಗಿ ಹಿಂದೆ ಬಂದಳು. ಗುರುತು ಸಿಕ್ಕಿದ್ದು ಸಿಮೆಂಟಿನ ತೊಟ್ಟಿಯಿಂದ. ರಾತ್ರಿ ಬಿದ್ದದ್ದು ನೀರು ಸುರಿದಷ್ಟೂ ಸಿಡಿದು ಹಾರುವ ಬೆಂಕಿಯ ಬಾಂಬು ಎಂದು ಉಳಿದವರು ಹೇಳಿದರು. ಆದರೆ ಓಣಿಯವರು ತಾಲೀಮು ಮಾಡಿದ್ದರಲ್ಲ, ಓಡಲಿಲ್ಲ. ಸಾಲುಗಟ್ಟಿ ನಿಂತರು. ಹತ್ತೊಂಬತ್ತರಲ್ಲಿ ಹದಿಮೂರು ಜನ ಸತ್ತರು. ರಿನ್ ತೊಟ್ಟಿಯ ಪಕ್ಕ ತನ್ನ ಜಾಗದಲ್ಲೇ ಇದ್ದಳು. ಹೆಣ್ಣುಮಕ್ಕಳಿಬ್ಬರೂ ತೊಟ್ಟಿಯೊಳಗೆ ಇದ್ದರು. ನೀರೆಲ್ಲ ಆವಿಯಾಗಿ ಹೋಗಿತ್ತು. ಸದಾಕಿಚಿ ಮಾಡಿದ ಬಕೆಟ್ಟುಗಳ ಕಬ್ಬಿಣದ ಬಳೆಗಳು ಮಾತ್ರ ನೆಲದ ಮೇಲೆ ಸಾಲಾಗಿ ಬಿದ್ದಿದ್ದವು, ಕೈಯಿಂದ ಕೈಗೆ ದಾಟಿಸುವ ಅಂತರದಲ್ಲಿ.

ತೊಮೆ ಬದುಕಿದ್ದಳು. ಉರಿಯುವ ಜನರನ್ನು ಬರಿಗೈಯಲ್ಲಿ ಎಳೆದು ಎಳೆದು ಅವಳ ಎರಡು ಕೈಯೂ ಹೋಗಿದ್ದವು. ಕಿಸಾ ಅವಳ ಕೈಗೆ ಬಟ್ಟೆ ಸುತ್ತುತ್ತಿದ್ದಾಗ ಸದಾಕಿಚಿ ಬಂದ. ರೈಲ್ವೆ ಅಂಗಳದಲ್ಲಿದ್ದದ್ದರಿಂದ ಅವನೂ ಉಳಿದಿದ್ದ, ಅವನ ಊಟದ ಚೀಲದಲ್ಲಿದ್ದ ಹಲಗೆಯೂ ಉಳಿದಿತ್ತು. ಅದನ್ನು ತೊಮೆಯ ಮುಖದ ಮುಂದೆ ಹಿಡಿದ.

"ಇದು ನಿಮ್ಮ ಮುದ್ರೆನಾ?"

ಕಿಸಾ ಆಗ ನೋಡಿದಳು. ಎಲ್ಲ ಮನೆಗಳ ಮುದ್ರೆಯೂ ನೆಟ್ಟಗೆ, ಮೊದಲನೆಯದು ಮಾತ್ರ ಬುಡ ಮೇಲಾಗಿ ಬಿದ್ದಿತ್ತು. 'ಮೇಲೆ' ಎಂಬ ಅಕ್ಷರ ತಿರುಗಿ ನಿಂತರೆ ಹೆಚ್ಚು ಕಡಿಮೆ 'ಕೆಳಗೆ' ಎಂಬ ಅಕ್ಷರವೇ ಆಗುತ್ತದೆ. ಎರಡು ಕ್ಲಾಸು ಓದಿದವರಿಗೂ ಗೊತ್ತಾಗುವಂಥದ್ದು. ತೊಮೆ ಎಂದಾದರೂ ಹಾಗೆ ಒತ್ತುವಳೇ ಎಂದು ಸದಾಕಿಚಿ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ತೊಮೆ ಬಟ್ಟೆ ಸುತ್ತಿದ ಮುಷ್ಟಿಯಿಂದ ಹಲಗೆಯನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದಳು, ತನ್ನ ಹೆಸರು ನೆಟ್ಟಗೆ ಕಾಣುವ ಹಾಗೆ.

"ಹೌದು," ಎಂದಳು. "ನಂದೇ."

ಕಿಸಾ ತಲೆ ತಗ್ಗಿಸಿ ಆ ಕೈಗೆ ಬಟ್ಟೆ ಸುತ್ತುತ್ತಲೇ ಇದ್ದಳು. ಸದಾಕಿಚಿ ಅವಳ ಕಡೆ ತಿರುಗಿ, "ಪಾಪ, ನಿನ್ನದೇನು ತಪ್ಪು. ಹೊತ್ತುಕೊಂಡು ಹೋಗು ಅಂದ್ರು, ಹೋದೆ," ಎಂದು ಹಲಗೆಯನ್ನು ಎತ್ತಿಕೊಂಡು ಹೋದ. ಅವನಿಗೆ ನಿಜ ಗೊತ್ತಾಗಲು ಅಲ್ಲಿಂದ ಇಪ್ಪತ್ತೆಂಟು ವರ್ಷ ಹಿಡಿಯಿತು.

ಯುದ್ಧ ಮುಗಿಯಿತು. ಶೋಜಿ ಬರಲಿಲ್ಲ. ಸುಟ್ಟ ತಗಡು ಹೊಂದಿಸಿ ಎಲ್ಲರೂ ಹಳೆ ಜಾಗದಲ್ಲೇ ಗುಡಿಸಲು ಹಾಕಿಕೊಂಡರು, ಆಮೇಲೆ ಮನೆ ಕಟ್ಟಿಕೊಂಡರು. ತೊಮೆ ಮತ್ತೆ ಕಿಸಾಳ ಪಕ್ಕದಲ್ಲಿ, ಸದಾಕಿಚಿ ಮತ್ತೆ ಎದುರಿನಲ್ಲಿ. ಅವನು ಆ ಹಲಗೆಯನ್ನು ರಿನ್ ಮತ್ತು ಮಕ್ಕಳ ಹೆಸರಿನ ಫಲಕಗಳ ಪಕ್ಕ, ಪೂಜೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ತೊಮೆಯ ಬೆರಳುಗಳು ಒಂದಕ್ಕೊಂದು ಅಂಟಿ ಚಪ್ಪಟೆಯಾಗಿ ಕೂಡಿಹೋಗಿದ್ದವು. ಓಣಿಯ ಮಕ್ಕಳು ಅವಳನ್ನು ಸಟ್ಟುಗದಜ್ಜಿ ಎನ್ನುತ್ತಿದ್ದರು. "ಸರಿಯಾಗೇ ಹೇಳ್ತಾರೆ," ಎನ್ನುವಳು ಅವಳು. "ಅನ್ನ ಬಡಿಸೋಕೆ ಬೇರೆ ಸಟ್ಟುಗ ಕೊಳ್ಳೋದು ತಪ್ಪಿತು."

ಇನ್ನು ತೋಫು ಮಾಡುವ ಹಾಗಿರಲಿಲ್ಲ. ಕಿಸಾ ಬೆಳಿಗ್ಗೆ ಮೀನಿನ ಮಂಡಿಯಲ್ಲಿ ಕೆಲಸ ಮಾಡಿ ಬಂದು ತೊಮೆಗೆ ಸ್ನಾನ ಮಾಡಿಸುವಳು, ತಲೆ ಬಾಚುವಳು, ಚಳಿಗಾಲದಲ್ಲಿ ಮಾಡಿನ ಹಿಮ ಎಳೆಯುವಳು. ಸರ್ಕಾರ ಬದಲಾದರೂ ಹಲಗೆ ಮಾತ್ರ ಬದಲಾಗಲಿಲ್ಲ. ಈಗಲೂ ಮನೆಯಿಂದ ಮನೆಗೆ ಬರುತ್ತಿತ್ತು, ಇಲಿಪಾಷಾಣ ಹಂಚುವ ದಿನ, ಚರಂಡಿ ತೊಳೆಯುವ ದಿನ ಎಂದು. ತೊಮೆಗೆ ಮುದ್ರೆ ಹಿಡಿಯಲು ಬಾರದು. ಆದ್ದರಿಂದ ಪ್ರತಿ ಸಲವೂ ಕಿಸಾ ಆ ಟೀ ಡಬ್ಬಿ ಇಳಿಸಿ, ತಲೆ ಬುಡ ನೋಡಿ, ಉಸಿರೂದಿ, ತೊಮೆಯ ಹೆಸರನ್ನು ಒತ್ತುವಳು. ತೊಮೆ ಬಗ್ಗಿ ನೋಡುವಳು. ಆಮೇಲೆ ಹಲಗೆಯನ್ನು ಎದುರುಮನೆಗೆ ಕಿಸಾಳೇ ಕೊಂಡೊಯ್ಯಬೇಕು. ತೊಮೆಯ ಕಡೆಯಿಂದ ಬೇರೆ ಯಾರು ತಂದರೂ ಸದಾಕಿಚಿ ಬಾಗಿಲು ತೆರೆಯುತ್ತಿರಲಿಲ್ಲ.

"ಆ ಹೆಂಗಸಿಗೆ ನೀನು ಹೇಗೆ ಸೇವೆ ಮಾಡ್ತೀಯೋ," ಎನ್ನುವನು ಅವನು. "ನಿನ್ನಂಥ ಮನಸ್ಸು ನನಗಿಲ್ಲಮ್ಮ." ಓಣಿಯವರೂ ಹಾಗೆಯೇ ಹೊಗಳುವರು. ಒಂದು ಸಲ ಬೀದಿಯವರೆಲ್ಲ ಸೇರಿ ಒಳ್ಳೆಯ ನೆರೆಯವಳು ಎಂದು ಅವಳಿಗೆ ಒಂದು ಟವಲು ಉಡುಗೊರೆ ಕೊಟ್ಟರು. ಕಿಸಾ ಆ ಟವಲನ್ನು ಒಂದು ದಿನವೂ ಮುಖಕ್ಕೆ ತಾಗಿಸಲಿಲ್ಲ, ಎಸೆಯುವ ಧೈರ್ಯವೂ ಬರಲಿಲ್ಲ. ಪ್ರತಿ ಜುಲೈಯಲ್ಲೂ ದೇವಸ್ಥಾನದಲ್ಲಿ ಸತ್ತವರ ಪೂಜೆ. ತೊಮೆ ಹೊಸಿಲ ಹೊರಗೆ ನಿಲ್ಲುವಳು. ಅವಳನ್ನು ನೋಡಿ ಯಾರಾದರೂ, "ಮುದ್ರೆಯವಳು ಬಂದಳು," ಎಂದು ಗಟ್ಟಿಯಾಗಿಯೇ ಅನ್ನುವರು. ಕಿಸಾ ಒಳಗೆ, ಮುಂದಿನ ಸಾಲಿನಲ್ಲಿ, ಸದಾಕಿಚಿಯ ಪಕ್ಕ ಕೂತು ಊದುಬತ್ತಿ ಹಚ್ಚುವಳು.

ಹೇಳಿಬಿಡಬೇಕೆಂದು ಅವಳಿಗೆ ಅನ್ನಿಸಲಿಲ್ಲವೆಂದಲ್ಲ. ಏಳನೇ ವರ್ಷದ ಪೂಜೆ ಮುಗಿಸಿ ಬಂದ ಸಂಜೆ, ತೊಮೆಯ ಬೆನ್ನು ತಿಕ್ಕುತ್ತಾ, "ತೊಮೆ-ಸಾನ್, ಆವತ್ತು ನಾನು..." ಎಂದು ಶುರುಮಾಡಿದಳು.

"ನೀರು ಬಿಸಿ ಸಾಲದು," ಎಂದಳು ತೊಮೆ. "ಇನ್ನೊಂದು ಕಟ್ಟಿಗೆ ಹಾಕು."

ಕಿಸಾ ಎದ್ದುಹೋಗಿ ಕಟ್ಟಿಗೆ ಹಾಕಿದಳು. ಒಲೆಯ ಮುಂದೆ ಕೂತಾಗ ಎದೆ ಹಗುರವಾದದ್ದು ಗೊತ್ತಾಯಿತು, ಮಾತು ತಪ್ಪಿತಲ್ಲ ಎಂದು. ಆ ಹಗುರಕ್ಕೆ ಅವಳಿಗೆ ಹೇಸಿಗೆಯಾಯಿತು. ಮತ್ತೆ ಅವಳು ಮಾತೆತ್ತಲಿಲ್ಲ. ವರ್ಷ ಹೋದ ಹಾಗೆ ಹೇಳುವುದು ಕಷ್ಟವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ. ಮಿಯೊ ದೊಡ್ಡವಳಾದಳು, ಮದುವೆಯಾದಳು, ಎರಡು ಮಕ್ಕಳ ತಾಯಿಯಾದಳು. ಸದಾಕಿಚಿ ಅವಳ ಮಕ್ಕಳಿಗೆ ಸೀಡರ್ ಮರದಲ್ಲಿ ಪುಟ್ಟ ಪುಟ್ಟ ಬಕೆಟ್ಟು ಮಾಡಿಕೊಟ್ಟ. "ನನ್ನ ಹುಡುಗೀರಿಗೆ ಮೊಮ್ಮಕ್ಕಳಾಗಿದ್ರೆ ಇಷ್ಟೇ ಇರ್ತಿದ್ವು," ಎಂದ. ಕಿಸಾ ಒಳಗೆ ಹೋಗಿ ಅಕ್ಕಿ ತೊಳೆದಳು, ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದಳು.

ಎಂಬತ್ತೊಂದನೇ ವಯಸ್ಸಿನಲ್ಲಿ, ಹಿಮ ಸೂರಿಗೆ ಮುಟ್ಟುವ ಫೆಬ್ರವರಿಯಲ್ಲಿ, ತೊಮೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಹಲಗೆ ಬಂತು. ಭಾನುವಾರ ಮಾಡಿನ ಹಿಮ ಎಲ್ಲರೂ ಸೇರಿ ತೆಗೆಯಬೇಕು ಎಂದು ಬರೆದಿತ್ತು. ಕಿಸಾ ಓದಿ ಹೇಳಿ, ಟೀ ಡಬ್ಬಿ ಇಳಿಸಿದಳು. ಮುದ್ರೆ ಕೈಗೆ ತೆಗೆದುಕೊಂಡವಳಿಗೆ ತಡೆಯಲಾಗಲಿಲ್ಲ. ಹಾಸಿಗೆಯ ಪಕ್ಕ ಹಣೆ ನೆಲಕ್ಕೆ ಹಚ್ಚಿದಳು.

"ನೀವು ಯಾಕೆ ಹೇಳಲಿಲ್ಲ? ಒಂದು ಸಲನಾದ್ರೂ ಯಾಕೆ ನನ್ನ ಬೈಲಿಲ್ಲ?"

"ಎದ್ದು ಕೂತ್ಕೊ, ಚಾಪೆ ತಣ್ಣಗಿದೆ," ಎಂದಳು ತೊಮೆ. "ಆಗ ನಿನಗೆ ಇಪ್ಪತ್ತಮೂರು. ಕಂಕುಳಲ್ಲಿ ಕೂಸು. ಹೇಳಿದ್ರೆ ನೀನು ಬಾವಿಗೆ ಬೀಳ್ತಿದ್ದೆ. ನಾನು ಎಳೆದು ಹಾಕೋಣ ಅಂದ್ರೆ ಕೈ ಇರಲಿಲ್ಲ."

"ಬಿದ್ದಿದ್ರೇ ಚೆನ್ನಾಗಿತ್ತು."

"ಹುಚ್ಚು ಮಾತು. ಕೇಳು, ನಾನೇನೂ ದೊಡ್ಡವಳಲ್ಲ. ಮೂರು ವರ್ಷ ತಾಳ ಬಡಿದು ನಿಂತ ಜಾಗ ಬಿಡಬೇಡಿ ಅಂತ ಅರಚಿದವಳು ಯಾರು? ರಿನ್ ತೊಟ್ಟಿ ಪಕ್ಕ ನಿಂತಳಲ್ಲ, ಅದು ನಿನ್ನ ಮುದ್ರೆಗಲ್ಲ, ನನ್ನ ತಾಳಕ್ಕೆ. ಮಗು ಅತ್ತಿದ್ದಕ್ಕೆ ಓಡಿದ ತಾಯಿನ ಹತ್ತು ಜನರ ಮುಂದೆ ಬೈದವಳೂ ನಾನೇ. ಅದು ನನ್ನ ಗಂಟು, ನಾನು ಹೊತ್ತೆ. ನಿನ್ನ ಗಂಟನ್ನೂ ಅದರ ಮೇಲೇ ಇಟ್ಕೊಂಡೆ, ಪಕ್ಕದ ಮನೆಯವಳು ಅಂತ." ಅವಳು ನಗಲು ಹೋಗಿ ಕೆಮ್ಮಿದಳು. "ಈಗ ದೂರ ಹೋಗಬೇಕು ಕಣೇ. ಅಷ್ಟು ದೂರ ನಿಂದೂ ಹೊರೋಕೆ ನನ್ನ ಕೈಲಾಗಲ್ಲ. ಸದಾಕಿಚಿಗ್ಯಾಕೆ ಬಿಡಬೇಕು ಹೇಳು, ಸುಳ್ಳು ಬೈಗುಳ ಬೈಯೋ ಪಾಪಾನ? ಅವನಿಗೂ ಎಪ್ಪತ್ತಾಯ್ತು."

ಕಿಸಾ ಎದ್ದು ಕೂತು ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಒತ್ತು," ಎಂದಳು ತೊಮೆ.

ಕಿಸಾ ಕಣ್ಣೊರೆಸಿಕೊಂಡು ತಲೆ ಬುಡ ನೋಡಿದಳು, ಉಸಿರೂದಿದಳು, ಒತ್ತಿದಳು.

"ನೆಟ್ಟಗಿದೆಯಾ?"

"ಇದೆ, ತೊಮೆ-ಸಾನ್."

"ಹಾಗಾದ್ರೆ ಈ ಹಲಗೇನ ಇವತ್ತು ಕೊಡಬೇಡ. ಎರಡು ದಿನ ನಿನ್ನ ಮನೇಲೇ ಇಟ್ಕೊ, ಬಟ್ಟೆ ಕೆಳಗೆ. ಹಲಗೆ ತಡ ಆದ್ರೆ ಅವನಿಗೆ ತಡೆಯಲ್ಲ, ತಾನೇ ಬಂದು ಬಾಗಿಲು ಬಡೀತಾನೆ. ಯಾಕೆ ತಡ ಅಂತ ರೇಗ್ತಾನೆ. ರೇಗ್ಲಿ. ರೇಗಿದ ಮೇಲೆ ಒಳಗೆ ಕರೆದು ಕೂರಿಸಿ, ಬಿಸಿ ಟೀ ಕೊಟ್ಟು, ಯಾಕೆ ತಡ ಅಂತ ಹೇಳಮ್ಮ."